ಹದಿನೇಳು ಮನೆಯ ಒದ್ದೆ ನೆಲ

ಆ ದಿನ ಬೆಳಿಗ್ಗೆ ನಾನು ಎದ್ದು ಅಡುಗೆಮನೆಗೆ ಹೋದಾಗ ನೆಲ ಒದ್ದೆಯಾಗಿತ್ತು. ಕುಡಿಯುವ ನೀರಿನ ಮಡಕೆ ಸಿಂಬಿಯ ಮೇಲೆ ಎಂದಿನಂತೆ ಕುಳಿತಿತ್ತು. ಬಿರುಕು ಬಿಟ್ಟಿರಲಿಲ್ಲ, ಅಂಚು ಮುಕ್ಕಾಗಿರಲಿಲ್ಲ. ಮುಚ್ಚಳ ತೆಗೆದು ನೋಡಿದೆ, ಒಳಗೆ ಒಂದು ಹನಿಯೂ ಇರಲಿಲ್ಲ. ಹಿಂದಿನ ಸಂಜೆ ನಾನೇ ಬಾವಿಯಿಂದ ಸೇದಿ ತಂದು ಅದನ್ನು ಕುತ್ತಿಗೆಯವರೆಗೆ ತುಂಬಿಸಿದ್ದೆ. ದೇವರ ಮನೆಗೆ ಹೋದೆ. ಅಭಿಷೇಕದ ನೀರಿನ ಚಿಕ್ಕ ಮಡಕೆಯೂ ಬರಿದಾಗಿ, ನೀರು ಮಣೆಯ ಕೆಳಗೆ ಹರಿದು ರಂಗೋಲಿ ಅಳಿಸಿಹೋಗಿತ್ತು. ಎರಡೂ ನನ್ನ ಹೆಂಡತಿ ಪದ್ಮಾವತಿ ಮಾಡಿದ ಮಡಕೆಗಳು. ಅವಳು ನಾಲ್ಕು ದಿನದ ಹಿಂದೆ ತನ್ನ ತಮ್ಮನ ಮೊಮ್ಮಗುವಿನ ನಾಮಕರಣಕ್ಕೆಂದು ಹೊಳೆಯಾಚೆಯ ಊರಿಗೆ ಹೋಗಿದ್ದಳು.

ನಮ್ಮ ಊರಿನಲ್ಲಿ ಒಂದು ಮಡಕೆ ಅದನ್ನು ಮಾಡಿದವರು ಬದುಕಿರುವಷ್ಟು ದಿನ ನೀರು ಹಿಡಿಯುತ್ತದೆ. ಅವರು ಹೋದ ಗಳಿಗೆಯಲ್ಲಿ ಬಿಟ್ಟುಬಿಡುತ್ತದೆ. ಮಡಕೆ ಕೈಬಿಟ್ಟಿತು ಎಂದು ನಾವು ಹೇಳುತ್ತೇವೆ. ನಮ್ಮ ಅಜ್ಜಂದಿರೂ ಹಾಗೆಯೇ ಹೇಳುತ್ತಿದ್ದರು.

ನಾನು ಬಟ್ಟೆ ತಂದು ನೆಲ ಒರೆಸಿದೆ. ಹಾಲಿನವನು ಬಂದ, ಹಾಲು ಹಾಕಿಸಿಕೊಂಡೆ. ಅದನ್ನು ಒಲೆಯ ಮೇಲಿಡುವ ಹೊತ್ತಿಗೆ ಎದುರು ಮನೆಯ ಜಾನಕಕ್ಕ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಸೀರೆಯ ಅಂಚು ಗೇಣುದ್ದ ಒದ್ದೆಯಾಗಿತ್ತು.

“ರಾಯರೇ, ನಿಮ್ಮನೇಲೂನಾ?” ಎಂದಳು.

“ಹೌದು.”

“ಎರಡೂನಾ?”

“ಎರಡೂ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಸ್ತಿಲ ಈಚೆ ಕುಳಿತುಬಿಟ್ಟಳು. “ಪದ್ದಕ್ಕ ಬರೋ ಹೊತ್ತಿಗೆ ಹಪ್ಪಳಕ್ಕೆ ಉದ್ದು ಬೀಸಿಸಿ ಇಡಬೇಕು ಅಂದ್ಕೊಂಡಿದ್ದೆ. ನಿನ್ನೆ ಸಾಯಂಕಾಲ ಕೂಡ ಅಂದ್ಕೊಂಡೆ” ಎಂದಳು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಎದ್ದು, “ನೀವು ಹೋಗಿ ಹೊರಗೆ ಕೂತ್ಕೊಳಿ, ಹಾಲು ನಾನು ನೋಡ್ಕೋತೀನಿ” ಎಂದು ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡಳು.

ಎಂಟು ಗಂಟೆಯ ಹೊತ್ತಿಗೆ ನಮ್ಮ ಜಗಲಿ ತುಂಬಿತ್ತು. ಹಿಟ್ಟಿನ ಗಿರಣಿಯವನು ಬಂದ, ಕ್ಷೌರದ ಅಂಗಡಿಯ ಚೆಲುವಯ್ಯ ಬಂದ, ಹೂವಿನವಳು ಬಂದಳು, ನಾನು ಹೆಸರು ಕೂಡ ಅರಿಯದ ಇಬ್ಬರು ಹೆಂಗಸರು ಬಂದರು. ಪದ್ಮಾವತಿ ಅವರೆಲ್ಲರಿಗೂ ಒಂದೊಂದು ಮಡಕೆ ಕೊಟ್ಟಿದ್ದಳು. ಅವಳ ಕೊನೆಯ ವರ್ಷ ಅದೊಂದು ಹುಚ್ಚು ಅವಳಿಗೆ ಹತ್ತಿತ್ತು. ಕೇಳಿದವರಿಗೂ ಕೊಟ್ಟಳು, ಕೇಳದವರಿಗೂ ಕೊಟ್ಟಳು. ಹದಿನೇಳು ಮನೆ. ಅಂದು ಬೆಳಿಗ್ಗೆ ಹದಿನೇಳು ಮನೆಗಳಲ್ಲಿ ನೆಲ ಒರೆಸಿ ಜನ ನಮ್ಮ ಮನೆಗೆ ಬಂದರು.

ಹತ್ತು ಗಂಟೆಗೆ ಅವಳ ತಮ್ಮ ದೂರವಾಣಿ ಮಾಡಿದ. “ಭಾವ, ಅಕ್ಕ...” ಎಂದು ಅಲ್ಲಿಗೇ ನಿಲ್ಲಿಸಿದ.

“ಗೊತ್ತಾಯಿತು. ಎಷ್ಟು ಹೊತ್ತಿಗೆ?” ಎಂದೆ.

“ಬೆಳಗಿನ ಜಾವ. ಅಲ್ಲ, ನಿಮಗೆ ಯಾರು ಹೇಳಿದ್ರು?” ಹುಟ್ಟಿದ್ದು ಇಲ್ಲಿಯೇ ಆದರೂ ಮೂವತ್ತು ವರ್ಷದಿಂದ ಅವನು ಬೇರೆ ಊರಿನವನು. ಅಲ್ಲಿ ಮಡಕೆ ಬರೀ ಮಡಕೆ. “ಎದ್ದು ಕೂತು ನೀರು ಕೊಡು ಅಂದ್ಲು ಭಾವ. ನಮ್ಮವಳು ಲೋಟ ತಗೊಂಡು ಬರೋಷ್ಟ್ರಲ್ಲಿ ಮುಗಿದೇ ಹೋಗಿತ್ತು.”

ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಮುಂದಿನದೆಲ್ಲ ಶಾಸ್ತ್ರಪ್ರಕಾರ ನಡೆಯಿತು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಹದಿಮೂರನೆಯ ದಿನ ಹದಿನೇಳು ಮನೆಯವರೂ ಕೈಬಿಟ್ಟ ಮಡಕೆಗಳನ್ನು ತಂದು ನಮ್ಮ ಜಗಲಿಯ ಮೇಲೆ ಬೋರಲು ಹಾಕಿದರು. ಅಂದು ಮಡಕೆಶಾಲೆಯಿಂದ ಗಾಡಿ ಬರುತ್ತದೆ. ಹೋದವರ ಮಡಕೆಗಳನ್ನೆಲ್ಲ ಎತ್ತಿಕೊಂಡು ಹೋಗಿ ಹೊಳೆಯ ಮಡುವಿನಲ್ಲಿ ಬಿಡುತ್ತಾರೆ. ಒಂದು ಚೂರನ್ನೂ ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ನಮ್ಮ ಮನೆಯವು ಎರಡು ಸೇರಿ ಹತ್ತೊಂಬತ್ತಾಗಬೇಕಿತ್ತು. ನಾನು ಹದಿನೆಂಟನ್ನು ಕೊಟ್ಟೆ. ದೇವರ ಮನೆಯ ಚಿಕ್ಕ ಮಡಕೆಯನ್ನು ಬಟ್ಟೆಯಲ್ಲಿ ಸುತ್ತಿ ಹಳೆಯ ಪಂಚಾಂಗಗಳ ಕಟ್ಟಿನ ಹಿಂದೆ ಇಟ್ಟೆ. ಗಾಡಿಯವನು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾನು ನಲವತ್ತು ವರ್ಷ ಪಂಚಾಂಗ ಮತ್ತು ಸ್ತೋತ್ರದ ಪುಸ್ತಕಗಳನ್ನು ಅಚ್ಚು ಹಾಕುವ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಕೆಲಸ ಬಿಟ್ಟ ಮೇಲೂ ಅವರು ಮುಂದಿನ ವರ್ಷದ ಪಂಚಾಂಗದ ಕರಡನ್ನು ಮನೆಗೆ ಕಳಿಸುತ್ತಾರೆ. ಶ್ರಾವಣದಲ್ಲಿ ಹಾಗೆ ಬಂದ ಹಾಳೆಗಳನ್ನು ಹಳೆಯ ಪಂಚಾಂಗದೊಡನೆ ಹೋಲಿಸಿ ನೋಡುತ್ತಿದ್ದಾಗ ಮಾರ್ಗಶಿರ ಬಹುಳ ಪಂಚಮಿಯ ಮೇಲೆ ನನ್ನ ಬೆರಳು ನಿಂತಿತು. ಅದು ಅವಳು ಹೋದ ತಿಥಿ. ಅಂದು ವರ್ಷದ ನೀರು ಕೊಡಬೇಕು. ಮನೆಯವರ ಕೈಯಿಂದಲೇ ಆದ ಮಡಕೆಯಲ್ಲಿ ಹಿಂದಿನ ಸಂಜೆ ನೀರು ತುಂಬಿಸಿಟ್ಟು, ಬೆಳಗಾದ ಮೇಲೆ ಹೊಳೆಯ ಮೆಟ್ಟಿಲಲ್ಲಿ ಅದನ್ನು ಹೋದವರಿಗೆ ಬಿಡಬೇಕು. ನೆರೆಯವರ ಮಡಕೆ ಆಗದು, ತಾಮ್ರದ ತಂಬಿಗೆ ಆಗದು. ವರ್ಷದ ನೀರು ಸಿಗದವರು ಎಲ್ಲಿದ್ದರೂ ಬಾಯಾರಿಯೇ ಇರುತ್ತಾರೆ ಎಂಬುದು ನಮ್ಮ ನಂಬಿಕೆ. ಇವಳು ಮೊದಲೇ ನೀರು ಕೇಳಿ ಹೋದವಳು. ನಮಗೆ ಮಕ್ಕಳಿಲ್ಲ. ಮನೆಯವರು ಎಂದರೆ ಇನ್ನು ನಾನೊಬ್ಬನೇ. ನಾನು ಅದುವರೆಗೆ ಒಂದು ಹಣತೆಯನ್ನೂ ಮಾಡಿದವನಲ್ಲ.

ಮರುದಿನ ಮಡಕೆಶಾಲೆಗೆ ಹೋದೆ. ಅದು ಊರಿಗೆಲ್ಲ ಸೇರಿದ ಶಾಲೆ. ಉದ್ದನೆಯ ಹೆಂಚಿನ ಮನೆ, ಒಳಗೆ ಸಾಲಾಗಿ ಮಡಕೆ ತಿರುವುವ ಎಂಟು ತಿಗರಿಗಳು, ಹಿತ್ತಲಲ್ಲಿ ಮಣ್ಣು ನೆನೆಹಾಕುವ ಗುಂಡಿ, ಅದರಾಚೆ ಮಡಕೆ ಸುಡುವ ಆವಿಗೆ. ಕಲಿಸುವಾಕೆ ಚನ್ನಾಜಮ್ಮ ಎಂಬ ಐವತ್ತರ ಹೆಂಗಸು. ನನಗೆ ಒಂದು ಅರ್ಜಿಯ ಹಾಳೆ ಕೊಟ್ಟಳು. ಹೆಸರು, ಬೀದಿ, ವಯಸ್ಸು. ನಾಲ್ಕನೆಯದು, ಎಲ್ಲಿಗೆ ಹೋಗುತ್ತಿದ್ದೀರಿ. ಊರು ಬಿಡುವವರೇ ಈ ಶಾಲೆಗೆ ಸೇರುವುದು ಹೆಚ್ಚು. ಮದುವೆಯಾಗಿ ಹೋಗುವ ಹುಡುಗಿ ತಾಯಿಗೊಂದು ಮಡಕೆ ಮಾಡಿಟ್ಟು ಹೋಗುತ್ತಾಳೆ. ದುಡಿಯಲು ಹೊರಡುವ ಗಂಡಸು ಹೆಂಡತಿಗೊಂದು ಬಿಟ್ಟು ಹೋಗುತ್ತಾನೆ. ಮನೆಯವರು ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿ, ನೀರು ಇದ್ದರೆ ಸಮಾಧಾನದಿಂದ ಕೆಲಸಕ್ಕೆ ತೊಡಗುತ್ತಾರೆ. ಕಾಗದ ಬರಲಿಲ್ಲವೆಂದು ನಮ್ಮ ಊರಿನಲ್ಲಿ ಯಾರೂ ಗಾಬರಿಪಡುವುದಿಲ್ಲ.

ನಾನು ನಾಲ್ಕನೆಯ ಸಾಲಿನಲ್ಲಿ ‘ಎಲ್ಲಿಗೂ ಇಲ್ಲ’ ಎಂದು ಬರೆದೆ.

ಚನ್ನಾಜಮ್ಮ ಓದಿ ನಕ್ಕಳು. “ಎಪ್ಪತ್ತೊಂದು ಅಂತ ಮೇಲೆ ಬರೆದಿದೀರಿ. ಎಲ್ಲಿಗೂ ಇಲ್ಲ ಅಂತ ಕೆಳಗೆ ಬರೆದಿದೀರಿ. ಎರಡರಲ್ಲಿ ಒಂದು ಸುಳ್ಳು ಇರಬೇಕಲ್ಲ ರಾಯರೇ.” ಹಾಗೆಂದವಳು ನನ್ನ ಮನೆಯ ಬೀದಿಯ ಹೆಸರು ನೋಡಿ ನಗು ನಿಲ್ಲಿಸಿದಳು. “ಪದ್ದಕ್ಕನ ಮನೆಯವರಾ? ತಪ್ಪಾಯ್ತು. ವರ್ಷದ ನೀರಿಗಾ?”

“ಹೌದು.”

“ಯಾವತ್ತು?”

ತಿಥಿ ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಆವಿಗೆ ತಿಂಗಳಿಗೊಂದು ಸಲ, ಹುಣ್ಣಿಮೆಯ ದಿನ ಹಚ್ಚುತ್ತಾರೆ. ಎರಡು ದಿನ ಆರಲು ಬಿಟ್ಟು ತೆರೆಯುತ್ತಾರೆ. “ನಾಲ್ಕು ಆವಿಗೆ ಸಿಗುತ್ತೆ ನಿಮಗೆ. ಕೊನೇದು ಪಂಚಮಿಗೆ ಐದು ದಿನ ಮುಂಚೆ. ಒಂದು ಮಾತು ಈಗಲೇ ಹೇಳ್ತೀನಿ. ನಾನು ಬಾಯಲ್ಲಿ ಹೇಳ್ತೀನಿ, ಕೈ ಹಾಕೋದಿಲ್ಲ. ಅತ್ತರೂ ಹಾಕೋದಿಲ್ಲ.”

ಇದು ಆ ಶಾಲೆಯ ಕಟ್ಟು. ಪಾಠದ ಹೊತ್ತಿನಲ್ಲಿ ಚನ್ನಾಜಮ್ಮ ಎರಡು ಕೈಗಳನ್ನೂ ಬೆನ್ನ ಹಿಂದೆ ಇಟ್ಟುಕೊಂಡು ಸೆರಗಿನಿಂದ ಮಣಿಕಟ್ಟು ಸುತ್ತಿಕೊಳ್ಳುತ್ತಿದ್ದಳು. ಹಾಗೆಯೇ ತಿಗರಿಯಿಂದ ತಿಗರಿಗೆ ನಡೆಯುತ್ತಾ, “ಹೆಬ್ಬೆರಳು ಒಳಗೆ, ಇನ್ನೂ ಒಳಗೆ, ಅಯ್ಯೋ ಅಷ್ಟಲ್ಲ” ಎಂದು ಕೂಗುತ್ತಿದ್ದಳು. ಕಲಿಯುವವರ ಮಡಕೆ ಅವಳ ಕಣ್ಣೆದುರೇ ಓರೆಯಾಗಿ ಕುಸಿಯುವಾಗ ಅವಳ ಭುಜಗಳು ಅಲುಗುತ್ತಿದ್ದವು, ಕೈ ಹೊರಗೆ ಬರುತ್ತಿರಲಿಲ್ಲ.

ನನ್ನ ಬಲಗಡೆಯ ತಿಗರಿಯಲ್ಲಿ ಬಸವಣ್ಣಿ ಕೂರುತ್ತಿದ್ದ. ಕೊಳವೆಬಾವಿ ಕೊರೆಯುವ ಲಾರಿಯ ಜೊತೆ ಆರಾರು ತಿಂಗಳು ಊರೂರು ಅಲೆಯುವವನು. ಹೆಂಡತಿಗೆ ಕೊಟ್ಟಿದ್ದ ಮಡಕೆಯನ್ನು ಮೇಕೆ ಬೀಳಿಸಿ ಒಡೆದಿದ್ದರಿಂದ ಮತ್ತೆ ಬಂದಿದ್ದ. ಚನ್ನಾಜಮ್ಮ ಕೈ ಕಟ್ಟಿಕೊಳ್ಳುವುದು ಏಕೆಂದು ನನಗೆ ಅವನೇ ಹೇಳಿದ.

“ನಮ್ ಚಿಕ್ಕಪ್ಪಂದೇ ಕತೆ ರಾಯ್ರೇ. ಆಗ ಇಲ್ಲಿ ಒಬ್ಬ ಮುದುಕ ಮೇಷ್ಟ್ರು. ನಮ್ ಚಿಕ್ಕಪ್ಪನ ಮಡಕೆ ಬಾಯಿ ಸೊಟ್ಟ ಆಯ್ತು ಅಂತ ಒಂದೇ ಒಂದು ಸಲ ಬೆರಳಿಟ್ರಂತೆ. ಚಿಕ್ಕಪ್ಪ ಊರು ಬಿಟ್ಟ. ಎರಡು ವರ್ಷಕ್ಕೆ ಮೇಷ್ಟ್ರು ತೀರ್ಕೊಂಡ್ರು. ಇಲ್ಲಿ ಮಡಕೆ ಕೈಬಿಡ್ತು. ನಮ್ಮಜ್ಜಿ ಎದೆ ಬಡ್ಕೊಂಡು ಅತ್ತು, ಎಲ್ಲಾ ಕರ್ಮ ಮಾಡ್ಸಿ ಊರಿಗೆಲ್ಲ ಊಟ ಹಾಕ್ಸಿದ್ಲು. ಎಲೆ ಎತ್ತೋ ಹೊತ್ತಿಗೆ ಸರಿಯಾಗಿ ಈ ಮಹರಾಯ ಪೆಟ್ಟಿಗೆ ಹೊತ್ಕೊಂಡು ಬಂದ.”

“ಆಮೇಲೆ?” ಎಂದು ಕೇಳಿದವಳು ಎಡಗಡೆಯ ತಿಗರಿಯ ರುಕ್ಕು. ಹತ್ತೊಂಬತ್ತರ ಹುಡುಗಿ, ಮಾಘದಲ್ಲಿ ಅವಳ ಮದುವೆ.

“ಆಮೇಲೇನು, ಯಾರದು ಊಟ ಅಂತ ಕೇಳ್ದ. ನಿಂದೇ ಅಂದ್ರು. ಹಂಗಾದ್ರೆ ಇನ್ನೆರಡು ಹೋಳಿಗೆ ಹಾಕಿ ಅಂದ.”

ರುಕ್ಕು ನಕ್ಕ ರಭಸಕ್ಕೆ ಅವಳ ಮಡಕೆ ಕುಸಿಯಿತು. “ಬಸವಣ್ಣಿ, ನಿನ್ನ ಬಾಯಿಗೂ ಒಂದು ಸೆರಗು ಕಟ್ಟಬೇಕು ಕಣಯ್ಯ” ಎಂದಳು ಚನ್ನಾಜಮ್ಮ.

ಮೊದಲ ತಿಂಗಳು ನನ್ನಿಂದ ಏನೂ ಆಗಲಿಲ್ಲ. ಕರಡಿನಲ್ಲಿ ತಪ್ಪು ಕಂಡರೆ ಪಕ್ಕದಲ್ಲಿ ಗುರುತು ಹಾಕಿದರಾಯಿತು, ಸಾಲು ಅಲ್ಲಿಯೇ ನಿಂತು ಕಾಯುತ್ತದೆ. ತಿಗರಿಯ ಮೇಲಿನ ಮಣ್ಣು ಕಾಯುವುದಿಲ್ಲ. ಭಾದ್ರಪದದ ಆವಿಗೆಗೆ ಬಸವಣ್ಣಿಯ ಮಡಕೆ ಹೋಯಿತು, ಅವನು ಅದನ್ನು ಹೆಂಡತಿಗೆ ಕೊಟ್ಟು ಲಾರಿ ಹತ್ತಿದ. ನನ್ನದು ಯಾವುದೂ ಇರಲಿಲ್ಲ. ಆಶ್ವಯುಜದ ಹೊತ್ತಿಗೆ ಒಂದು ಮಡಕೆ ನಿಂತಿತು. ಕುತ್ತಿಗೆ ದಪ್ಪ, ಹೊಟ್ಟೆ ಒಂದು ಕಡೆ ವಾಲಿದ್ದರೂ ಮಡಕೆಯೇ.

ಇಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಹೇಳಬೇಕು. ಮಣ್ಣು ಹದವಾಗಿ ಬೇಯಲೆಂದು ಪ್ರತಿಯೊಬ್ಬರೂ ತಮ್ಮ ಮಣ್ಣಿನ ಉಂಡೆಗೆ ಒಂದು ಹಿಡಿ ಹೊಳೆಯ ಮರಳನ್ನು ಕಲಸಿ ಮಿದಿಯುತ್ತಾರೆ. ನಾನು ಮರಳು ಹಾಕಲಿಲ್ಲ. ಪಂಚಾಂಗದ ಕಟ್ಟಿನ ಹಿಂದೆ ಇಟ್ಟಿದ್ದ ಚಿಕ್ಕ ಮಡಕೆಯನ್ನು ತೆಗೆದು, ಒಡೆದು, ಒರಳಿನಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ ಡಬ್ಬಿಯಲ್ಲಿ ತುಂಬಿಕೊಂಡಿದ್ದೆ. ಅದರಲ್ಲಿ ಒಂದು ಹಿಡಿ ಹಾಕಿದೆ. ಯಾರನ್ನೂ ಕೇಳಲಿಲ್ಲ. ಕೇಳುವಂಥದು ಎಂದು ನನಗೆ ತೋರಲಿಲ್ಲ. ಅವಳಿಗೆ ಕೊಡುವ ನೀರು, ಅವಳು ಮುಟ್ಟಿದ ಮಣ್ಣನ್ನು ಹಾದು ಅವಳಿಗೆ ತಲಪಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅದು ದೇವರಿಗೂ ಒಪ್ಪಿಗೆಯಾಗುವ ಕೆಲಸವೆಂದು ನಂಬಿದ್ದೆ.

ಆವಿಗೆ ತೆರೆದ ದಿನ ಎಲ್ಲರೂ ತಮ್ಮ ತಮ್ಮ ಮಡಕೆಗೆ ನೀರು ತುಂಬಿಸಿ ಅಂಗಳದ ಒಣ ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ಇಟ್ಟು, ನೋಡುತ್ತಾ ನಿಲ್ಲಬಾರದೆಂದು ಎಲ್ಲರೂ ಎದುರಿನ ಅಂಗಡಿಗೆ ಕಾಫಿ ಕುಡಿಯಲು ಹೋಗುತ್ತಾರೆ. ತಿರುಗಿ ಬಂದಾಗ ನನ್ನ ಮಡಕೆಯ ಕೆಳಗೆ ಹಲಗೆ ಕಪ್ಪಾಗಿತ್ತು.

“ಮೊದಲನೇದು ಯಾರದ್ದಾದರೂ ಹಾಗೇ” ಎಂದಳು ಚನ್ನಾಜಮ್ಮ. ಆದರೆ ಬಗ್ಗಿ ಅದನ್ನು ಎರಡು ಸಲ ನೋಡಿದಳು.

ಕಾರ್ತಿಕದ ಆವಿಗೆಗೆ ಎರಡು ಮಡಕೆ ಇಟ್ಟೆ. ಈ ಸಲ ಹೊಟ್ಟೆ ವಾಲಿರಲಿಲ್ಲ, ಗೋಡೆ ಸಮನಾಗಿತ್ತು. ರುಕ್ಕು ಸುತ್ತ ಬಂದು ನೋಡಿ, “ತಾತ, ನನ್ನದಕ್ಕಿಂತ ನಿಮ್ಮದೇ ಚೆನ್ನಾಗಿದೆ” ಎಂದಿದ್ದಳು. ಎಲ್ಲರೂ ಅಂಗಡಿಗೆ ಹೋಗಿ ಬಂದೆವು. ರುಕ್ಕುವಿನ ಮಡಕೆಯಲ್ಲಿ ನೀರು ತುಂಬಿ ನಿಂತಿತ್ತು. ನನ್ನ ಎರಡೂ ಬರಿದಾಗಿದ್ದವು. ಬಿರುಕು ಇಲ್ಲ, ತೂತು ಇಲ್ಲ. ಅಡುಗೆಮನೆಯಲ್ಲಿ ಅಂದು ಬೆಳಿಗ್ಗೆ ಕಂಡ ಮಡಕೆಯ ಹಾಗೆಯೇ ಸುಮ್ಮನೆ ಕುಳಿತಿದ್ದವು.

ನೀರು ನಿಲ್ಲದ ಮಡಕೆಯನ್ನು ಮಾಡಿದವರೇ ಒಡೆಯಬೇಕು. ನಾನು ಎರಡನ್ನೂ ಕಲ್ಲಿಗೆ ಹಾಕಿ ಒಡೆದೆ. ಚನ್ನಾಜಮ್ಮ ಒಂದು ಚೂರು ಎತ್ತಿಕೊಂಡು, ಒಡೆದ ಅಂಚನ್ನು ಬಿಸಿಲಿಗೆ ಹಿಡಿದಳು. ತುಂಬಾ ಹೊತ್ತು ನೋಡಿದಳು. ರುಕ್ಕುವನ್ನು ಮನೆಗೆ ಕಳಿಸಿದಳು.

“ರಾಯರೇ, ಇದೇನಿದು ಕೆಂಪು?”

“ಮರಳು.”

“ಮರಳು ನಾನು ನೋಡಿಲ್ವಾ? ಮಣ್ಣಿಗೆ ಕಾವಿ ಕಲಸೋರು ಈ ಊರಲ್ಲಿ ಒಬ್ಬರೇ ಇದ್ದಿದ್ದು.” ಅವಳು ಚೂರನ್ನು ನನ್ನ ಕಡೆ ಚಾಚಿದಳು. “ಎಷ್ಟು ಹಾಕಿದ್ರಿ?”

“ಒಂದು ಹಿಡಿ.”

“ಮೂರಕ್ಕೂನಾ?”

“ಮೂರಕ್ಕೂ.”

“ಓದಿದೋರು ನೀವು. ಊರಿಗೆಲ್ಲ ಗಳಿಗೆ ನೋಡಿ ಹೇಳೋರು. ಹೋದೋರ ಮಡಕೆ ಹೊಳೆಗೆ ಅಂತ ಮೂರು ವರ್ಷದ ಮಗೂಗೂ ಗೊತ್ತಿದೆಯಲ್ಲ ಇಲ್ಲಿ!”

“ಅವಳಿಗೆ ಕೊಡುವ ನೀರು ಚನ್ನಾಜಮ್ಮ. ಅವಳದೂ ಒಂದಿಷ್ಟು ಅದರಲ್ಲಿ ಇರಲಿ ಎಂದುಕೊಂಡೆ. ಅದು ತಪ್ಪೇ?”

“ತಪ್ಪೋ ಸರಿಯೋ ಸ್ವಾಮಿಗಳನ್ನ ಕೇಳಿ. ನೀರು ನಿಲ್ಲೋಲ್ಲ. ನಂಗೆ ಗೊತ್ತಿರೋದು ಅಷ್ಟೇ.”

“ಇನ್ನೂ ಕಡಿಮೆ ಹಾಕಿದರೆ? ಒಂದು ಚಿಟಿಕೆ?”

ಅವಳು ಚೂರನ್ನು ಉಳಿದ ಚೂರುಗಳ ಮೇಲೆ ಹಾಕಿದಳು. ನಾನು, ಪದ್ಮಾವತಿಯದು ಇಲ್ಲದ ಮಡಕೆ ನನಗೂ ಬೇಡ ಎಂದು ಹೇಳಿ ಕೈ ತೊಳೆದು ಹೊರಟುಬಂದೆ. ಆ ಮಾತನ್ನು ಸಿಟ್ಟಿನಿಂದ ಹೇಳಲಿಲ್ಲ. ಯೋಚಿಸಿಯೇ ಹೇಳಿದೆ ಎಂದು ಆಗ ಅನಿಸಿತ್ತು.

ಮೂರು ವಾರ ಶಾಲೆಯ ಕಡೆ ಹೋಗಲಿಲ್ಲ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಕರಡು, ಸಂಜೆ ಪಾರಾಯಣ. ಜಾನಕಕ್ಕ ದಿನವೂ ತನ್ನ ಮಡಕೆಯಿಂದ ಕುಡಿಯಲು ನೀರು ತಂದುಕೊಡುತ್ತಿದ್ದಳು. ಮಡಕೆ ಎಲ್ಲಿಯವರೆಗೆ ಬಂತು ಎಂದು ಒಂದು ಸಲ ಕೇಳಿದಳು, ಮತ್ತೆ ಕೇಳಲಿಲ್ಲ. ಪಾರಾಯಣಕ್ಕೆ ಕುಳಿತಾಗ ಪುಟ ತಿರುಗುತ್ತಿತ್ತು, ಅರ್ಥ ಒಳಗೆ ಇಳಿಯುತ್ತಿರಲಿಲ್ಲ. ಅವಳಿಗೆ ನೀರು ಸಿಗುವುದಿಲ್ಲ ಎಂಬುದೊಂದು, ಅವಳ ಪುಡಿ ನನ್ನ ಬಳಿ ಇದೆ ಎಂಬುದೊಂದು, ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಕುಳಿತಿದ್ದೆ.

ಮಾರ್ಗಶಿರದ ಹುಣ್ಣಿಮೆಗೆ ಎಂಟು ದಿನ ಇರುವಾಗ ಒಂದು ಮಧ್ಯಾಹ್ನ ಚನ್ನಾಜಮ್ಮ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಜಗಲಿಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

“ಒಂದು ಮಾತು ಹೇಳಿ ಹೋಗ್ತೀನಿ. ಪದ್ದಕ್ಕ ಯಾರಿಗೂ ಹೇಳ್ಬೇಡ ಅಂದಿದ್ರು. ಇಷ್ಟು ದಿನ ಹೇಳಿರ್ಲಿಲ್ಲ” ಎಂದಳು. “ಅವರು ಹೋಗೋಕೆ ಎಂಟು ತಿಂಗಳು ಮುಂಚೆ ಎದೆನೋವು ಶುರುವಾಗಿತ್ತು. ನಿಮಗೆ ಗೊತ್ತಿತ್ತಾ?”

“ಇಲ್ಲ.”

“ನಂಗೂ ಗೊತ್ತಾಗಿದ್ದು ತಿಗರಿ ಹತ್ರ ಕೂತು ಉಸಿರು ಕಟ್ಟಿದಾಗ. ಡಾಕ್ಟರು ಹೆಚ್ಚು ದಿನ ಅಲ್ಲ ಅಂದ್ರಂತೆ. ಆಮೇಲಿಂದ ನೋಡಿ, ಆವಿಗೆಗೆ ಎರಡು, ಆವಿಗೆಗೆ ಮೂರು, ಮಾಡಿದ್ದೇ ಮಾಡಿದ್ದು. ಮಾಡಿ ಹಂಚಿದ್ದೇ ಹಂಚಿದ್ದು. ನಾನೊಂದಿನ ನಕ್ಕೊಂಡು ಕೇಳ್ದೆ, ಅಲ್ಲ ಪದ್ದಕ್ಕ, ಚೆಲುವಯ್ಯನ ಕ್ಷೌರದಂಗಡಿಗೂ ಕೊಟ್ರಂತಲ್ಲ, ಅವನೇನು ನಿಮಗೆ ನೆಂಟನಾ ಅಂತ. ಅದಕ್ಕೆ ಏನಂದ್ರು ಗೊತ್ತಾ?”

ನಾನು ಕಂಬಕ್ಕೆ ಒರಗಿ ಅವಳೆದುರು ಕುಳಿತೆ.

“‘ನಮ್ಮನೆಯವರು ಯಾರನ್ನೂ ಕರೆಯೋರಲ್ಲ ಚನ್ನಾಜಿ. ಆ ದಿನ ಬಂದ್ರೆ ನೆಲ ಒರೆಸಿ, ಹಾಲು ಕಾಯಿಸಿ, ಪಂಚಾಂಗ ಇಟ್ಕೊಂಡು ಒಬ್ಬರೇ ಕೂತುಬಿಡ್ತಾರೆ. ಅವರು ಕರೆಯದೇ ಇದ್ದರೂ ಜನ ಬರಬೇಕು. ಬೀದಿಗೆ ನಾಲ್ಕು ಮನೆ ಆದರೂ ಒದ್ದೆ ಆಗಲಿ’ ಅಂದ್ರು.” ಚನ್ನಾಜಮ್ಮ ಎದ್ದು ನಿಂತಳು. “ನೀವು ಆ ಪುಡೀನ ಬಚ್ಚಿಟ್ಟುಕೊಂಡಿದೀರಿ. ಅವರು ಒಂದನ್ನೂ ಬಚ್ಚಿಟ್ಟುಕೊಳ್ಳಲಿಲ್ಲ. ಅಷ್ಟೇ ನಾನು ಹೇಳೋದು.”

ನಾನು ಒಳಗೆ ಹೋಗಿ ಅವಳಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟೆ. ಅವಳು ಕುಡಿದು, ಲೋಟವನ್ನು ಬೋರಲು ಹಾಕಿದಳು.

“ಹುಣ್ಣಿಮೆಗೆ ಎಂಟು ದಿನ. ಒಣಗೋಕೆ ನಾಲ್ಕು ದಿನ ಬೇಕು. ಲೆಕ್ಕ ನಿಮಗೇ ಚೆನ್ನಾಗಿ ಬರುತ್ತೆ” ಎಂದು ಹೇಳಿ ಹೋದಳು.

ಅವಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದೆ. ನಲವತ್ತು ವರ್ಷ ಒಂದು ಅಕ್ಷರ ಆಚೀಚೆಯಾದರೆ ಹಿಡಿಯುತ್ತಿದ್ದ ಕಣ್ಣು ಇದು. ಎಂಟು ತಿಂಗಳು ಅದೇ ಮನೆಯಲ್ಲಿ ಅವಳ ಉಸಿರನ್ನು ಗಮನಿಸಲಿಲ್ಲ. ಮಡಕೆ ಹಂಚುವ ಹುಚ್ಚು ಎಂದು ನಾನೇ ಅವಳನ್ನು ಹಾಸ್ಯ ಮಾಡಿದ್ದೆ. ಅವಳು ನಕ್ಕು ಸುಮ್ಮನಾಗಿದ್ದಳು. ಈ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಅಂದೇ ಸಂಜೆ ಡಬ್ಬಿಯನ್ನು ತೆಗೆದುಕೊಂಡು ಹೊಳೆಗೆ ಹೋದೆ. ಸ್ನಾನ ಮಾಡಿ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಪುಡಿಯನ್ನು ಬಿಟ್ಟೆ. ನೀರು ಒಂದು ಮಾರು ದೂರ ಕೆಂಪಾಗಿ ಹರಿಯಿತು, ಆಮೇಲೆ ಎಲ್ಲ ನೀರಿನ ಬಣ್ಣವೇ ಆಯಿತು. ಡಬ್ಬಿಯನ್ನು ತೊಳೆದು ತಂದೆ.

ಮರುದಿನ ತಿಗರಿಗೆ ಕುಳಿತೆ. ಹೊಳೆಯ ಮರಳನ್ನೇ ಕಲಸಿದೆ. ಚನ್ನಾಜಮ್ಮ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದಳು, ಅಂದು ಒಂದು ಮಾತೂ ಆಡಲಿಲ್ಲ. ಎರಡು ಮಡಕೆ ನಿಂತವು. ಎರಡನೆಯ ದಿನ ಒಂದಕ್ಕೆ ಹಲಗೆಯಿಂದ ತಟ್ಟಿ ಹೊಟ್ಟೆ ಕೊಡುತ್ತಿದ್ದಾಗ ರುಕ್ಕು ಬಂದಳು. ತಾಯಿಗೆ ಮಡಕೆ ಮಾಡಿ ಮುಗಿದಿದ್ದರೂ ಅವಳು ದಿನವೂ ಬರುತ್ತಿದ್ದಳು.

“ತಾತ, ಅದರಲ್ಲೊಂದು ನಂಗೆ ಕೊಡ್ತೀರಾ? ಗಂಡನ ಮನೆಗೆ ತಗೊಂಡು ಹೋಗ್ತೀನಿ.”

“ಮೊದಲು ನೀರು ನಿಲ್ಲಲಿ.”

“ನಿಂತರೆ ಅಂತಲೇ ಕೇಳಿದ್ದು.”

“ಮುದುಕನ ಮಡಕೆ ಯಾರಾದರೂ ಕೇಳಿ ಇಸಿದುಕೊಳ್ಳುತ್ತಾರೆಯೇ ಮಗು? ಒಂದು ದಿನ ಬೆಳಿಗ್ಗೆ ಎದ್ದರೆ ಹೊಸ ಮನೆಯಲ್ಲಿ ನೆಲವೆಲ್ಲ ಒದ್ದೆ.”

“ಒರೆಸ್ಕೋತೀನಿ” ಎಂದಳು ರುಕ್ಕು. “ಒರೆಸಿ, ಇಲ್ಲಿಗೆ ಬರ್ತೀನಿ.”

ನಾನು ತಟ್ಟುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು.

ಹುಣ್ಣಿಮೆಯ ದಿನ ಆವಿಗೆ ಹಚ್ಚಿದರು. ಮೂರನೆಯ ದಿನ ತೆರೆದಾಗ ನನ್ನ ಮಡಕೆಗಳೆರಡೂ ಮಂಕಾದ ಬೂದು ಬಣ್ಣಕ್ಕೆ ಬೆಂದಿದ್ದವು. ಅದರಲ್ಲಿ ಎಲ್ಲಿಯೂ ಕೆಂಪು ಇರಲಿಲ್ಲ. ನೀರು ತುಂಬಿಸಿ ಹಲಗೆಯ ಮೇಲಿಟ್ಟು ಎಲ್ಲರೊಡನೆ ಅಂಗಡಿಗೆ ಹೋದೆ. ನಾನು ಹೊರಗಿನ ಕಾಫಿ ಕುಡಿಯುವವನಲ್ಲ, ಅಂದು ಒಂದು ಲೋಟ ತೆಗೆದುಕೊಂಡೆ. ಅದು ಆರಿಹೋಯಿತು. ಚನ್ನಾಜಮ್ಮ ನನಗಿಂತ ಮೊದಲು ಎದ್ದು ಅಂಗಳಕ್ಕೆ ಹೋದಳು. ಹೋದವಳು ಅಲ್ಲಿಂದಲೇ, “ರಾಯರೇ, ಹಲಗೆ ಒಣಗಿದೆ” ಎಂದು ಕೂಗಿದಳು.

ಹೋಗಿ ನೋಡಿದೆ. ನೀರು ಎರಡು ಮಡಕೆಗಳ ಕುತ್ತಿಗೆಯವರೆಗೂ ಅಲುಗದೆ ನಿಂತಿತ್ತು. ಒಂದನ್ನು ರುಕ್ಕುವಿಗೆ ಕೊಟ್ಟೆ. ಇನ್ನೊಂದನ್ನು ಎದೆಗೊರಗಿಸಿಕೊಂಡು ಮನೆಗೆ ತಂದೆ.

ಚೌತಿಯ ದಿನ ನಾನು ಹಿಂದೆಂದೂ ಮಾಡದ ಕೆಲಸವನ್ನು ಮಾಡಿದೆ. ಜಾನಕಕ್ಕನ ಬಾಗಿಲಿಗೆ ಹೋಗಿ, ನಾಳೆ ಬೆಳಿಗ್ಗೆ ಹೊಳೆಯ ಹತ್ತಿರ ಬನ್ನಿ ಎಂದೆ. ಅವಳು ಕೇಳಿದ್ದು ಸರಿಯೇ ಎಂಬಂತೆ ನನ್ನ ಮುಖ ನೋಡಿ, “ಬರ್ತೀನಿ ರಾಯರೇ, ಬರದೇ ಇರ್ತೀನಾ” ಎಂದಳು. ಅಲ್ಲಿಂದ ಇನ್ನೂ ಕೆಲವು ಮನೆಗಳಿಗೆ ಹೋದೆ. ಹೆಸರು ಗೊತ್ತಿಲ್ಲದ ಇಬ್ಬರು ಹೆಂಗಸರ ಹೆಸರನ್ನು ಕೇಳಿ ತಿಳಿದುಕೊಂಡೆ.

ಪಂಚಮಿಯ ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊಳೆಯ ಮೆಟ್ಟಿಲಿಳಿದು, ಅವಳು ಕೊನೆಯುಸಿರು ಬಿಟ್ಟ ಆಚೆಯ ದಡಕ್ಕೆ ಮುಖಮಾಡಿ ನಿಂತೆ. ಬಂದವರು ಮೇಲಿನ ಮೆಟ್ಟಿಲುಗಳಲ್ಲಿ ನಿಂತಿದ್ದರು. ಹಿಂದಿನ ಸಂಜೆ ತುಂಬಿಸಿದ ನೀರು ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಮಡಕೆಯನ್ನು ಎರಡು ಕೈಗಳಿಂದ ಎತ್ತಿ, ಅವಳ ಹೆಸರು ಗೋತ್ರಗಳನ್ನು ಹೇಳಿ, ನಿಧಾನವಾಗಿ ಬಿಟ್ಟೆ. ನೀರು ಸಣ್ಣ ಧಾರೆಯಾಗಿ, ಒಬ್ಬರು ಬೊಗಸೆಯೊಡ್ಡಿ ಕುಡಿಯಬಲ್ಲಷ್ಟು ಸಾವಕಾಶವಾಗಿ ಇಳಿಯಿತು.

ನಾರಾಯಣನೇ, ಈಕೆ ನೀರು ಕೇಳಿ ಹೊರಟವಳು. ತಡವಾಯಿತು, ತಂದಿದ್ದೇನೆ. ಇದನ್ನು ಅವಳಿಗೆ ಮುಟ್ಟಿಸು. ನಾನು ಕಾಣದೆ ಹೋದ ಅವಳ ನೋವು ಏನಿತ್ತೋ ಅದೆಲ್ಲ ಅಲ್ಲಿ ಅವಳಿಗೆ ಇಲ್ಲದಿರಲಿ. ನನ್ನ ಚಿಂತೆಯನ್ನು ಅವಳು ಇನ್ನು ಮಾಡದಿರಲಿ. ಅವಳ ಕೈಗಳು ತುಂಬಾ ದುಡಿದಿವೆ ತಂದೆಯೇ, ನಿನ್ನ ಪಾದದ ಬಳಿ ಅವುಗಳಿಗೆ ಬಿಡುವು ಕೊಡು. ಅವಳ ಜೀವ ತಣ್ಣಗಿರಲಿ.